ತಾಲೂಕಿನಲ್ಲಿ ಮುರಿದ ರೈಲು ನಮ್ಮದೊಂದೇ

ನಮ್ಮ ಅಂಗನವಾಡಿಯ ಕಬ್ಬಿಣದ ಬೀರುವಿನಲ್ಲಿ ಒಂದು ಗೊಂಬೆ ಇತ್ತು. ನಾನು ಕೆಲಸಕ್ಕೆ ಸೇರುವುದಕ್ಕೂ ಮೊದಲು ಬಂದದ್ದು. ಕೆಂಪು ಲಂಗ, ಹಳದಿ ಕೂದಲು, ಮೇಲೆ ಪ್ಲಾಸ್ಟಿಕ್ ಚೀಲ. ಚೀಲದ ಬಾಯಿಗೆ ಹೊಡೆದ ಪಿನ್ನು ತುಕ್ಕು ಹಿಡಿದಿತ್ತು, ಗೊಂಬೆ ಮಾತ್ರ ಈಗಷ್ಟೇ ಅಂಗಡಿಯಿಂದ ತಂದ ಹಾಗಿತ್ತು. ಅದನ್ನು ದೂರದಿಂದ ನೋಡಿ ಬೆಳೆದ ಹುಡುಗಿಯರಿಗೆ ಮದುವೆಯಾಗಿ, ಅವರ ಮಕ್ಕಳೂ ನಮ್ಮಲ್ಲಿಗೇ ಬರತೊಡಗಿದ್ದರು. ತಾಯಿಯೂ ಅದನ್ನು ಮುಟ್ಟಿರಲಿಲ್ಲ, ಮಗಳೂ ಮುಟ್ಟಿರಲಿಲ್ಲ. ತಪಾಸಣೆಗೆ ಬಂದವರು ಬೀರು ತೆಗೆಸಿ ನೋಡಿ, "ಭಾಳ ಛಲೋ ಇಟ್ಟೀರಿ" ಎಂದು ಹೊಗಳಿ ಹೋಗುತ್ತಿದ್ದರು. ನಾನು ಕೈಕಟ್ಟಿ ನಿಂತು ಆ ಹೊಗಳಿಕೆಯನ್ನು ತೆಗೆದುಕೊಳ್ಳುತ್ತಿದ್ದೆ. ಈಗ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ನಾನು ಹುಟ್ಟಿದ್ದು ಕಂಪ್ಲಿಯಲ್ಲಿ, ಕಾಲುವೆ ನೀರು, ಭತ್ತದ ಗದ್ದೆ ಇರುವ ಕಡೆ. ಮದುವೆಯಾಗಿ ಬಂದದ್ದು ಸಂಡೂರು ಸೀಮೆಯ ಈ ಹಳ್ಳಿಗೆ. ಇಲ್ಲಿ ಬೆಳಿಗ್ಗೆ ಒಣಹಾಕಿದ ಬಿಳಿ ಪಂಚೆ ಸಂಜೆ ಬಿಳಿಯಾಗಿ ಒಳಗೆ ಬರುವುದಿಲ್ಲ. ಅಂಗನವಾಡಿಯ ಹಿಂದಿನ ಕಿಟಕಿ ತೆರೆದರೆ ಎದುರಿಗೇ ರೈಲಿನ ಸೈಡಿಂಗ್. ಲಾರಿಗಳು ಗುಡ್ಡದ ಕಡೆಯಿಂದ ಕಬ್ಬಿಣದ ಅದಿರು ತಂದು ಅಲ್ಲಿ ರಾಶಿ ಹಾಕುತ್ತವೆ. ದೊಡ್ಡ ಬಕೆಟ್ಟಿನ ಲೋಡರುಗಳು ಆ ರಾಶಿಯನ್ನು ಎತ್ತಿ, ಸಾಲಾಗಿ ನಿಂತ ವ್ಯಾಗನ್ನುಗಳಿಗೆ ತುಂಬುತ್ತವೆ. ತುಂಬಿದ ಗಾಡಿ ದೂರದ ಸಮುದ್ರ ದಂಡೆಯ ಬಂದರಿಗೆ ಹೋಗುತ್ತದೆ. ನಮ್ಮ ಮಕ್ಕಳು ಅ ಆ ಕಲಿಯುವ ಮೊದಲು ಲೋಡರು ಹಿಂದಕ್ಕೆ ಸರಿಯುವಾಗ ಕೂಗುವ ಸದ್ದನ್ನು ಕಲಿಯುತ್ತಾರೆ. ಇಡೀ ಗೂಡ್ಸ್ ಗಾಡಿಗೆ ಇಲ್ಲಿ ರೇಕ್ ಎನ್ನುತ್ತಾರೆ. ಊಟಕ್ಕೆ ಸಾಲಾಗಿ ಕೂರಿ ಎಂದರೆ ನಮ್ಮ ಮಕ್ಕಳು "ರೇಕ್ ಹಚ್ಚೂಣು ಬರ್ರಲೇ" ಎಂದು ಒಬ್ಬರ ಬೆನ್ನಿಗೊಬ್ಬರು ಕೂತುಬಿಡುತ್ತಾರೆ. ಗೋಡೆಗೆ ಮುಖ ಮಾಡಿ ಕೂತ ರೇಕನ್ನು ತಟ್ಟೆಯ ಕಡೆ ತಿರುಗಿಸುವುದೇ ನನಗೆ ದಿನದ ಕೆಲಸ.

ಇಂಥ ಊರಿಗೆ ಆಟದ ರೈಲು ಬಂತು. ಗಣಿ ಕಂಪನಿಯೊಂದು ತಾಲೂಕಿನ ಅಂಗನವಾಡಿಗಳಿಗೆಲ್ಲ ಒಂದೊಂದು ಪೆಟ್ಟಿಗೆ ಹಂಚಿತ್ತು. ನಮಗೆ ಕೊಡುವ ದಿನ ಶಾಮಿಯಾನ, ಮೈಕು, ಶಾಲು, ಎಲ್ಲ ಇತ್ತು. ಪೆಟ್ಟಿಗೆಯ ಆ ಕಡೆ ಕಂಪನಿಯವರು, ಈ ಕಡೆ ನಾನು, ನಡುವೆ ನಾಲ್ಕು ಮಕ್ಕಳು ನಿಂತು ಫೋಟೊ ತೆಗೆಸಿಕೊಂಡೆವು. ಫೋಟೊ ಆದ ಮೇಲೆ ಶಾಮಿಯಾನ ಬಿಚ್ಚಿದರು, ಪೆಟ್ಟಿಗೆ ಬಿಚ್ಚಲಿಲ್ಲ.

ನಮ್ಮ ಮೇಲ್ವಿಚಾರಕಿ ಮೇಡಂ ಹೋಗುವ ಮುಂಚೆ ನನ್ನನ್ನು ಪಕ್ಕಕ್ಕೆ ಕರೆದರು.

"ನೋಡ್ರಿ, ಇದು ಭಾಳ ಕಾಸ್ಟ್ಲಿ ಸಾಮಾನು. ಮಕ್ಕಳ ಕೈಗೆ ಕೊಟ್ರ ಎರಡು ದಿನ ಬಾಳಿಕಿ ಬರೂದಿಲ್ಲ. ಬೀರೂನಾಗ ಇಟ್ಟು ಕೀಲಿ ಹಾಕ್ರಿ. ಯಾರಾರ ಬಂದಾಗ ತೋರಿಸಿದ್ರ ಸಾಕು."

"ಮತ್ತ ಮಕ್ಕಳಿಗ್ರೀ?"

"ಮಕ್ಕಳಿಗೂ ತೋರಿಸ್ರಿ, ಬ್ಯಾಡ ಅಂದೋರ್ಯಾರು? ದೂರಿಂದ ತೋರಿಸ್ರಿ. ಮುರದ್ರ ನೀವ ಜವಾಬ್ದಾರಿ."

ಮೇಡಂ ಕೆಟ್ಟವರಲ್ಲ. ಅವರ ಮೇಲೂ ಒಬ್ಬರಿದ್ದಾರೆ, ಅವರ ಮೇಲೆ ಇನ್ನೊಬ್ಬರು. ಮುರಿದದ್ದಕ್ಕೆ ಲೆಕ್ಕ ಕೇಳುವವರು ಇದ್ದಾರೆ, ಆಡದೇ ಉಳಿದದ್ದಕ್ಕೆ ಕೇಳುವವರು ಯಾರೂ ಇಲ್ಲ. ನಾನು ಕೀಲಿ ಹಾಕಿದೆ. ಗೊಂಬೆಯ ಪಕ್ಕ ರೈಲು ಕೂತಿತು.

ತಿಂಗಳಾಗಿರಬೇಕು. ಒಂದು ಬೆಳಿಗ್ಗೆ ಹಾಜರಿ ಬರೆದು ತಲೆಯೆತ್ತಿದರೆ ಮಕ್ಕಳು ಬಾಗಿಲಾಚೆ ಬಿಟ್ಟಿದ್ದ ಚಪ್ಪಲಿಗಳನ್ನೆಲ್ಲ ಒಳಗೆ ತಂದು ಸಾಲಾಗಿ ಜೋಡಿಸಿದ್ದರು. ಎಲ್ಲಕ್ಕೂ ಮುಂದಿನದು ನನ್ನ ಚಪ್ಪಲಿ. ದೊಡ್ಡದಲ್ಲವೇ, ಅದು ಎಂಜಿನ್. ಹಿಂದಿನ ಪ್ರತಿ ಚಪ್ಪಲಿಯ ಮೇಲೂ ಒಂದು ಹಿಡಿ ಅದಿರಿನ ಕೆಂಪು ಹರಳು. ಎಲ್ಲರಿಗಿಂತ ಮಾತು ಜಾಸ್ತಿ ಇರುವ ಒಬ್ಬಳು ಪುಟ್ಟಿ ಅಡಿಗೆಮನೆಯ ಸೌಟು ಹಿಡಿದು ತುಂಬುತ್ತಿದ್ದಳು. ತುಂಬಿ ಮುಗಿಸಿ ಬೀರುವಿನ ಕಡೆ ಸೌಟು ತೋರಿಸಿ ಕೇಳಿದಳು:

"ಟೀಚರ್, ಖರೇ ರೈಲು ಯಾವಾಗ ಬಿಡ್ತೀರಿ?"

"ಸಾಹೇಬ್ರು ಬಂದಾಗ."

"ಸಾಹೇಬ್ರು ಆಡ್ತಾರೇನ್ರಿ ಅದರ ಜತಿ?"

ಅವಳೇನೂ ಚೇಷ್ಟೆ ಮಾಡಿ ಕೇಳಿದ್ದಲ್ಲ, ತಿಳಿದುಕೊಳ್ಳಲು ಕೇಳಿದ್ದು. ನನಗೆ ಮೈಯೆಲ್ಲ ಉರಿಯಿತು. ಮೂರು ಹೆಜ್ಜೆ ದೂರದಲ್ಲಿ ರೈಲು ಇಟ್ಟುಕೊಂಡು ಚಪ್ಪಲಿಯಲ್ಲಿ ಆಡುವ ಮಕ್ಕಳ ಎದುರು ನಾನು ಕೀಲಿ ಕಾಯುವವಳಾಗಿ ಕೂತಿದ್ದೆ. ಕಂಪ್ಲಿಯವಳಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಗಂಡನ ಮನೆಯವರು ಆಡಿಕೊಳ್ಳುವುದುಂಟು. ಆ ಸಿಟ್ಟು ಅವತ್ತೊಂದು ದಿನ ಸರಿಯಾದ ಕೆಲಸ ಮಾಡಿತು. ಎದ್ದು ಹೋಗಿ ಬೀರುವಿನ ಕೀಲಿ ತೆಗೆದೆ. ಮೊದಲು ಗೊಂಬೆಯ ಚೀಲ ಹರಿದು ಪುಟ್ಟಿಯ ಕೈಗೆ ಕೊಟ್ಟೆ. ಅವಳು ಅದನ್ನು ಒಂದು ಸಲ ನೋಡಿ, ಚಪ್ಪಲಿ ರೈಲಿನ ಎಂಜಿನ್ ಮೇಲೆ ಡ್ರೈವರ್ ಮಾಡಿ ಕೂರಿಸಿದಳು. ಆಮೇಲೆ ರೈಲಿನ ಪೆಟ್ಟಿಗೆ ನೆಲಕ್ಕಿಳಿಸಿದೆ.

ಮಸ್ತ್ ಇತ್ತು ಆ ರೈಲು, ಸುಳ್ಳು ಯಾಕೆ ಹೇಳಲಿ. ಕೊಕ್ಕೆಗೆ ಕೊಕ್ಕೆ ಸಿಕ್ಕಿಸಿ ಹಳಿ ಜೋಡಿಸಿದರೆ ಕೋಣೆಯ ಅರ್ಧ ಜಾಗ ಹಿಡಿಯಿತು. ಸೆಲ್ ಹಾಕಿದರೆ ಓಡುವ ಎಂಜಿನ್, ಅದರ ಹಿಂದೆ ನಾಲ್ಕು ವ್ಯಾಗನ್. ಹಳಿಯ ಒಂದು ಕಡೆ ನಾಲ್ಕು ಕಾಲಿನ ಅಟ್ಟಣೆ, ಅದರ ತಲೆಯ ಮೇಲೆ ಅಗಲ ಬಾಯಿಯ ಡಬ್ಬಿ. ಪಕ್ಕದ ಹಿಡಿಕೆ ತಿರುಗಿಸಿದರೆ ಡಬ್ಬಿಯೊಳಗಿನ ಸರಕು ಕೆಳಗೆ ನಿಂತ ವ್ಯಾಗನ್ನಿಗೆ ಬೀಳುತ್ತದೆ. ತುಂಬಿದ ರೈಲು ಅರ್ಧ ಸುತ್ತು ಹೋದರೆ ಅಲ್ಲೊಂದು ಗೂಟ. ವ್ಯಾಗನ್ನಿನ ಅಡಿಯ ಕೊಕ್ಕೆ ಆ ಗೂಟಕ್ಕೆ ತಾಗಿದ ಕೂಡಲೇ ಪಕ್ಕದ ಬಾಗಿಲು ತಾನಾಗಿ ತೆರೆದು, ಸರಕೆಲ್ಲ ಒಂದು ತಟ್ಟೆಗೆ ಸುರಿಯುತ್ತದೆ. ಸರಕು ಎಂದು ಪೆಟ್ಟಿಗೆಯವರು ಕೊಟ್ಟದ್ದು ಬಾರಿಹಣ್ಣಿನ ಗಾತ್ರದ ಕಂದು ಬಣ್ಣದ ಪ್ಲಾಸ್ಟಿಕ್ ಚೆಂಡುಗಳು.

ಮಕ್ಕಳು ಚೆಂಡು ನೋಡಿ ಮುಖ ಕಿವುಚಿದರು. "ರೈಲಿನಾಗ ಚೆಂಡು ಯಾರು ತುಂಬ್ತಾರ್ರೀ ಟೀಚರ್?" ಸೈಡಿಂಗಿನ ಎದುರು ಹುಟ್ಟಿದವರಿಗೆ ಮೋಸ ಮಾಡಲು ಆಗುತ್ತದೆಯೇ? ಎಲ್ಲರೂ ಹೊರಗೆ ಓಡಿ, ರಸ್ತೆ ಬದಿಯಲ್ಲಿ ಲಾರಿಗಳಿಂದ ಉದುರಿದ ಅದಿರಿನ ಹರಳನ್ನು ಹಿಡಿಹಿಡಿಯಾಗಿ ತಂದು ಡಬ್ಬಿಗೆ ಹಾಕಿದರು. ರೈಲು ಒಪ್ಪಿಕೊಂಡಿತು. ಹಿಡಿಕೆ ತಿರುಗಿತು, ಹರಳು ಬಿತ್ತು, ಎಂಜಿನ್ ಎಳೆಯಿತು, ಗೂಟದ ಹತ್ತಿರ ಬಾಗಿಲು ತೆರೆದು ಕೆಂಪಗೆ ಸುರಿಯಿತು. ಅವತ್ತಿನಿಂದ ದಿನಾ ಹನ್ನೊಂದು ಗಂಟೆಯಿಂದ ಊಟದ ಹೊತ್ತಿನವರೆಗೆ ರೈಲು ಓಡಿತು. ಕೈಗೆ ಕೆಂಪು ಹತ್ತಿಸಿಕೊಂಡು ಮನೆಗೆ ಹೋದ ಮಕ್ಕಳನ್ನು ನೋಡಿ ಒಬ್ಬ ತಾಯಿಯೂ ದೂರಲಿಲ್ಲ. ಆ ಬಣ್ಣ ಅವರ ಮನೆಗಳಿಗೆ ಹೊಸದೇನಲ್ಲ.

ಈಗ ಆಯಾನ ವಿಷಯ ಹೇಳಬೇಕು. ನಮ್ಮ ಕೇಂದ್ರದ ಸಹಾಯಕಿ ಆಕೆ, ಅಡಿಗೆ ಮಾಡುವವಳು, ಕಸ ಗುಡಿಸುವವಳು. ನನಗಿಂತ ಎಷ್ಟೋ ದೊಡ್ಡವಳು. ಊರಿನ ಸೊಸೆ ನಾನು, ಹಾಗಾಗಿ ಮಾತಾಡಿಸುವಾಗ ಅತ್ತಿ ಎನ್ನುತ್ತೇನೆ. ಆಯಾ ಆಗುವ ಮೊದಲು ಆಕೆ ಹರೆಯದಿಂದಲೂ ಸೈಡಿಂಗಿನಲ್ಲಿ ದುಡಿದವಳು. ಆಕೆಯ ಕೆಲಸ ತುಂಬುವುದಲ್ಲ, ಸಂದಿ ಮುಚ್ಚುವುದು. ಖಾಲಿ ರೇಕ್ ಬಂದು ನಿಂತಾಗ, ಲೋಡರು ಬರುವ ಮೊದಲು, ಹೆಂಗಸರ ಗುಂಪು ವ್ಯಾಗನ್ನುಗಳ ಉದ್ದಕ್ಕೂ ಓಡಬೇಕು. ಹಳೆಯ ವ್ಯಾಗನ್ನಿನ ಬಾಗಿಲು ಎಂದೂ ಸರಿಯಾಗಿ ಕೂತಿರುವುದಿಲ್ಲ. ಆ ಸಂದಿಗೆ ಗೋಣಿ ಚೂರು, ಹಳೆ ಬಟ್ಟೆ ತುರುಕಿ, ಕಬ್ಬಿಣದ ಸಲಾಕೆಯಿಂದ ಜಡಿದು ಗಟ್ಟಿ ಮಾಡಬೇಕು. ಇಲ್ಲದಿದ್ದರೆ ನುಣ್ಣನೆಯ ಅದಿರು ದಾರಿಯುದ್ದಕ್ಕೂ ಸೋರಿಹೋಗುತ್ತದೆ. ತುಂಬಿದ ಮೇಲೆ ಮೇಸ್ತ್ರಿ ಬಗ್ಗಿ ನೋಡುತ್ತಾ ನಡೆಯುತ್ತಿದ್ದನಂತೆ. ಯಾವ ಬಾಗಿಲ ಕೆಳಗಾದರೂ ಕೆಂಪು ಗೆರೆ ಕಂಡರೆ, "ಯಾರದಿದು? ಗಾಡಿ ಉಚ್ಚಿ ಹೊಯ್ಯಾಕತ್ತೈತಿ ಬರ್ರಬೇ ಇಲ್ಲಿ" ಎಂದು ಇಡೀ ಸೈಡಿಂಗಿಗೆ ಕೇಳುವ ಹಾಗೆ ಕೂಗುತ್ತಿದ್ದನಂತೆ.

"ನನ್ನ ವ್ಯಾಗನ್ನಿಗೆ ಅವ ಒಂದಿನಾನೂ ಹಂಗ ಅಂದಿಲ್ರೀ ಟೀಚರ್" ಎಂದು ಆಯಾ ಅನ್ನ ಬಸಿಯುತ್ತಾ ಹೇಳುತ್ತಿದ್ದಳು. ಗೋಣಿ ಸಾಲದೆ ಹೋದ ದಿನ ಮನೆಯಿಂದ ತನ್ನ ಹಳೇ ಸೀರೆಗಳನ್ನೇ ಹರಿದು ತರುತ್ತಿದ್ದಳಂತೆ. "ನಾ ಇಲ್ಲೇ ಹಂಪಿ ದಾಟಿ ಆಕಡೆ ಹೋದಾಕಿ ಅಲ್ಲ. ನನ್ನ ಸೀರಿ ಸಮುದ್ರ ನೋಡ್ಯಾವ." ಹೀಗೆ ಹೇಳಿ ನಗುವಾಗ ಆಕೆಯ ಮುಖದಲ್ಲಿ ದುಃಖ ಹುಡುಕಿದರೂ ಸಿಗುತ್ತಿರಲಿಲ್ಲ. ಅದು ಪೂರಾ ಜಂಬ.

ಮಕ್ಕಳು ರೈಲು ಆಡುವ ಹೊತ್ತಿಗೆ ಆಯಾ ಒಳಗೆ ಒಲೆಯ ಮುಂದೆ ಇರುತ್ತಿದ್ದಳು. ಆಟ ನೋಡಿದವಳಲ್ಲ. ಮಕ್ಕಳು ಮನೆಗೆ ಹೋದ ಮೇಲೆ ಗುಡಿಸಲು ಬಂದಾಗ ಆಕೆಗೆ ಕಾಣುತ್ತಿದ್ದದ್ದು ಹಳಿಯ ಪಕ್ಕದಲ್ಲಿ ಸೋರಿದ ಕೆಂಪು ಪುಡಿ. ಚೆಂಡು ಸಾಗಿಸಲು ಮಾಡಿದ ವ್ಯಾಗನ್ನು, ಬಾಗಿಲ ಸುತ್ತ ಸಂದಿ ಇತ್ತು. ದಿನಾ ಗುಡಿಸಿ ಗುಡಿಸಿ ಆಕೆಯ ತಾಳ್ಮೆ ಮುಗಿಯಿತು. "ಎಂಥಾ ಗಾಡಿ ಕೊಟ್ಟಾರ್ರೀ ಇವರು, ಸೋರ್ತತಿ" ಎಂದು ಗೊಣಗಿದ್ದು ನನ್ನ ಕಿವಿಗೆ ಬಿದ್ದಿತ್ತು. ನಾನು ಲಕ್ಷ್ಯ ಕೊಡಲಿಲ್ಲ.

ಅಷ್ಟರಲ್ಲಿ ಮೇಡಂ ಫೋನು ಬಂತು. ಕಂಪನಿಯವರು ಮರುದಿನ ವಿಡಿಯೊ ತೆಗೆಯಲು ಬರುತ್ತಾರೆ, ಮಕ್ಕಳು ರೈಲಿನ ಜೊತೆ ಆಡುವುದು ಬೇಕಂತೆ. "ಬೀರೂನಿಂದ ತಗದು ಜ್ವಾಕಿಲೆ ಒರಸಿ ಇಡ್ರಿ. ಮಕ್ಕಳಿಗೆ ಒಮ್ಮೆ ಮುಟ್ಟೂದು ಕಲಸ್ರಿ." ನಾನು ಹೂಂ ಎಂದೆ, ಒಳಗೊಳಗೇ ನಕ್ಕೆ. ಆಯಾಗೆ ಹೇಳಿದೆ: "ಅತ್ತೀ, ನಾಳೆ ದೊಡ್ಡವರು ಬರ್ತಾರ, ರೈಲು ಸ್ವಚ್ಛ ಮಾಡಿ ಇಡ್ರಿ." ಇಷ್ಟೇ ಹೇಳಿ ನಾನು ಮನೆಗೆ ಹೋದೆ.

ಆಯಾ ಸ್ವಚ್ಛ ಮಾಡಿದಳು. ಜೊತೆಗೆ, ದೊಡ್ಡವರ ಎದುರು ಗಾಡಿ ಸೋರಿದರೆ ಮರ್ಯಾದೆ ಏನಾದೀತು ಎಂದು, ತನ್ನ ಹಳೇ ನೀಲಿ ಸೀರೆಯ ಅಂಚು ಹರಿದು ಸಣ್ಣ ಸಣ್ಣ ಪಟ್ಟಿ ಮಾಡಿ, ನಾಲ್ಕೂ ವ್ಯಾಗನ್ನಿನ ಬಾಗಿಲ ಸಂದಿಗೆ ತುರುಕಿ, ತಂತಿಯಿಂದ ಒಳಗೊಳಗೆ ಜಡಿದಳು. ಆ ಬಾಗಿಲು ತಾನಾಗಿ ತೆರೆಯಬೇಕಾದದ್ದು ಎಂದು ಆಕೆಗೆ ಯಾರೂ ಹೇಳಿರಲಿಲ್ಲ. ಇಡೀ ಆಯುಷ್ಯ ವ್ಯಾಗನ್ನಿನ ಬಾಗಿಲು ಮುಚ್ಚಿದವಳು ಒಂದು ವ್ಯಾಗನ್ನೂ ಖಾಲಿಯಾಗುವುದನ್ನು ನೋಡಿರಲಿಲ್ಲ. ಖಾಲಿ ಆಗುವುದೇನಿದ್ದರೂ ಸಮುದ್ರದ ಹತ್ತಿರ.

ಮರುದಿನ ಕಂಪನಿಯಿಂದ ಇಬ್ಬರು ಬಂದರು, ಒಬ್ಬನ ಕೈಯಲ್ಲಿ ಕ್ಯಾಮೆರಾ. ಮೇಡಂ ಹೊಸ ಸೀರೆ ಉಟ್ಟಿದ್ದರು. ಮಕ್ಕಳು ಹಳಿಯ ಸುತ್ತ ಕೂತರು. ಪುಟ್ಟಿ ಹಿಡಿಕೆ ತಿರುಗಿಸಿದಳು, ಹರಳು ಸುರಿಯಿತು. ಒಂದು ಕಣವೂ ಕೆಳಗೆ ಬೀಳಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಆಯಾ ಸೆರಗಿನಿಂದ ಬಾಯಿ ಒರೆಸುವಂತೆ ಮಾಡಿ ನಗು ಮುಚ್ಚಿಕೊಂಡಳು. ನಾನದನ್ನು ಗಮನಿಸಿದೆ, ಅರ್ಥ ಮಾತ್ರ ಆಗಲಿಲ್ಲ. ಸ್ವಿಚ್ಚು ಒತ್ತಿದರು, ರೈಲು ಹೊರಟಿತು, ಎಲ್ಲರೂ ಚಪ್ಪಾಳೆ ತಟ್ಟಿದರು.

ಗೂಟದ ಹತ್ತಿರ ಬಂದು ಮೊದಲ ವ್ಯಾಗನ್ನಿನ ಕೊಕ್ಕೆ ತಾಗಿತು. ಬಾಗಿಲು ತೆರೆಯಲಿಲ್ಲ. ರೈಲು ನಿಂತಿತು, ಎಂಜಿನ್ ನಿಲ್ಲಲಿಲ್ಲ. ಗುರ್ ಎಂದು ಎಳೆಯಿತು, ಇನ್ನೂ ಜೋರಾಗಿ ಎಳೆಯಿತು. "ಎಳೀಲೇ, ಎಳೀಲೇ" ಎಂದು ಮಕ್ಕಳು ಹುರಿದುಂಬಿಸಿದರು. ಒಳಗೆಲ್ಲೋ ಟಕ್ ಎಂದಿತು. ಆಮೇಲೆ ಬರೀ ಸುಂಯ್ ಎನ್ನುವ ಸದ್ದು, ಚಕ್ರ ತಿರುಗಲಿಲ್ಲ.

ಮೇಡಂ ಬಗ್ಗಿ ವ್ಯಾಗನ್ನು ಎತ್ತಿ ನೋಡಿದರು. ನೀಲಿ ಬಟ್ಟೆ ಕಂಡಿತು. "ಯಾರ್ರೀ ಇದು? ಯಾರು ಬಟ್ಟಿ ತುರುಕಿದ್ದು ಇದಕ್ಕ?"

"ನಾನ್ರೀ" ಎಂದಳು ಆಯಾ, ಮುಂದೆ ಬಂದು. ಕಳ್ಳತನ ಒಪ್ಪಿಕೊಂಡ ಹಾಗಲ್ಲ. ಶಹಬ್ಬಾಸ್ ಸಿಗುತ್ತದೆ ಎಂದು ಕಾದವಳ ಧ್ವನಿ ಅದು. "ಸೋರ್ತಿತ್ರೀ."

ಕ್ಯಾಮೆರಾದವನು, "ಇರ್ಲಿ ಬಿಡ್ರಿ ಮೇಡಂ, ನಮಗ ಬೇಕಾದಷ್ಟು ಸಿಕ್ಕೈತಿ" ಎಂದು ಚೀಲ ಕಟ್ಟಿದ. ಅವರಿಗೆ ಬೇಕಾದದ್ದು ಚಪ್ಪಾಳೆಯವರೆಗೆ. ಅವರು ಹೋದ ಮೇಲೆ ಮೇಡಂ ನನ್ನನ್ನು ಹೊರಗೆ ಕರೆದು ದನಿ ತಗ್ಗಿಸಿದರು. ಹಳಿಯ ಮೇಲಿನ ಗೀರು ನೋಡಿಯೇ ಅವರಿಗೆ ತಿಳಿದಿತ್ತು, ಈ ರೈಲು ಬೀರುವಿನಲ್ಲಿ ಕೂತದ್ದಲ್ಲ ಎಂದು.

"ಒಂದು ವಾರದಾಗ ವಿವರಣೆ ಬರದು ಕೊಡ್ರಿ. ಆಯಾನ ಅಜಾಗರೂಕತೆಯಿಂದ ಆತು ಅಂತ ಆಕಿ ಹೆಸರು ಹಾಕ್ರಿ, ನಿಮ್ಮ ಕುತ್ತಿಗಿಗೆ ಬರೂದಿಲ್ಲ. ಹೆಂಗೂ ಆಕಿಗೆ ವಯಸ್ಸಾತು. ಬಿಡಿಸಿ ಬ್ಯಾರೇದವರನ್ನ ತಗೊಂಡ್ರಾತು."

ನಾನು ಅಲ್ಲೇ ಏನಾದರೂ ಹೇಳಬೇಕಿತ್ತು. ಹೇಳಲಿಲ್ಲ. ನನಗೂ ಮನೆಯಿದೆ, ನನಗೂ ಈ ಕೆಲಸ ಬೇಕು. ಒಳಗೆ ಬಂದರೆ ಆಯಾ ಎಂದಿನಂತೆ ಮಕ್ಕಳ ತಟ್ಟೆಗೆ ಬಡಿಸುತ್ತಿದ್ದಳು. ಪುಟ್ಟಿ ಎಂಜಿನ್ನನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು, ಉಣ್ಣಲು ಬರಲೇ ಇಲ್ಲ.

ರವಿವಾರ ಎಂಜಿನ್ನನ್ನೂ ಒಂದು ವ್ಯಾಗನ್ನನ್ನೂ ಚೀಲಕ್ಕೆ ಹಾಕಿಕೊಂಡು ಹೊಸಪೇಟೆಗೆ ಹೋದೆ. ಬಸ್‌ಸ್ಟ್ಯಾಂಡಿನ ಹತ್ತಿರದ ಓಣಿಯಲ್ಲಿ ಮಿಕ್ಸಿ, ಫ್ಯಾನು ರಿಪೇರಿ ಮಾಡುವವನೊಬ್ಬನಿದ್ದಾನೆ. ನಮ್ಮ ಮನೆಯ ಮಿಕ್ಸಿಗೆ ಅವನೇ ಎರಡು ಸಲ ಜೀವ ಕೊಟ್ಟವನು. ಸಣ್ಣ ಸ್ಕ್ರೂಡ್ರೈವರಿನಿಂದ ಎಂಜಿನ್ನಿನ ಹೊಟ್ಟೆ ಬಿಚ್ಚಿದ.

"ಮೋಟಾರ್ ಗಟ್ಟಿ ಐತಿ ಅಕ್ಕಾ. ಗೇರಿನ ಹಲ್ಲು ಹೋಗ್ಯಾವ." ಬೆರಳ ತುದಿಯಲ್ಲಿ ಒಂದು ಬಿಳಿ ಗಾಲಿ ಇಟ್ಟು ತೋರಿಸಿದ. ಅದು ನುಣ್ಣಗೆ ಬೋಳಾಗಿತ್ತು. "ಇದು ಇಲ್ಲೆಲ್ಲೂ ಸಿಗೂದಿಲ್ಲ. ಏನ್ ಎಳಸಿದ್ರಿ ಇದರ ಕಡಿಂದ?"

"ಅದಿರು" ಎಂದೆ.

ಅವನು ಪಕ್ಕದ ಅಂಗಡಿಯವನನ್ನು ಕರೆದು ಅದನ್ನು ಹೇಳಿ ನಕ್ಕ. ಆಮೇಲೆ ವ್ಯಾಗನ್ನು ತೆಗೆದುಕೊಂಡು ಬಾಗಿಲ ಸಂದಿಯ ಬಟ್ಟೆಗೆ ಇಕ್ಕಳ ಹಾಕಿ ಜಗ್ಗಿದ. ಬರಲಿಲ್ಲ. ಮೊಣಕಾಲಿಗೆ ಒತ್ತಿ ಹಿಡಿದು ಜಗ್ಗಿದ, ಇಕ್ಕಳ ಜಾರಿತು. "ಯಾರಕ್ಕಾ ಇದನ್ನ ತುಂಬಿದ್ದು? ಬರವಲ್ದಲ್ಲ!" ಅವನ ನಗು ನಿಂತಿತ್ತು. ನಾನು ನಡೆದದ್ದೆಲ್ಲ ಹೇಳಿದೆ. ಅವನು ಕೂಡಲೇ ತನ್ನ ಅಂಗಡಿಯ ಚೀಟಿ ತೆಗೆದು, ಗೇರು ಮೊದಲಿನಿಂದಲೇ ದೋಷದ್ದಾಗಿತ್ತು ಎಂದು ಬರೆದು ಸಹಿ ಹಾಕಿಕೊಟ್ಟ. "ಇದನ್ನ ಹಚ್ಚಿ ಕಳಸ್ರಿ. ನಿಮಗೂ ತಾಪತ್ರಯ ಇಲ್ಲ, ಆ ಮುದುಕಿಗೂ ಇಲ್ಲ." ನಾನು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿ ಇಟ್ಟುಕೊಂಡೆ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ವಾಪಸು ಬರುವಾಗ ರೈಲ್ವೆ ಗೇಟು ಬಿದ್ದಿತ್ತು. ಬಸ್ಸು ನಿಂತಿತು. ಅದಿರು ತುಂಬಿದ ರೇಕ್ ಹೋಗುತ್ತಿತ್ತು. ಇಷ್ಟು ವರ್ಷ ಇಂಥ ಗಾಡಿ ಅಡ್ಡ ಬಂದಾಗಲೆಲ್ಲ ಇನ್ನೆಷ್ಟು ಡಬ್ಬಿ ಉಳಿದಿವೆ ಎಂದು ಶಪಿಸುತ್ತಾ ಕೂತವಳು ನಾನು. ಅವತ್ತು ಮೊದಲ ಸಲ ಬಾಗಿಲ ಸಂದಿ ನೋಡಿದೆ. ಒಂದರಲ್ಲಿ ಗೋಣಿ. ಒಂದರಲ್ಲಿ ಹಸಿರು ಬಟ್ಟೆ. ಇನ್ನೊಂದರಲ್ಲಿ ಯಾರದೋ ಸೀರೆಯ ಜರಿ ಅಂಚು, ಒಂದು ಗೇಣು ಹೊರಗೆ ಉಳಿದು ಗಾಳಿಗೆ ಬಡಿದುಕೊಳ್ಳುತ್ತಿತ್ತು. ಇಡೀ ಗಾಡಿ ಹೆಂಗಸರ ಬಟ್ಟೆ ಕಚ್ಚಿಕೊಂಡು ಓಡುತ್ತಿತ್ತು, ಅದರಲ್ಲಿ ಒಬ್ಬಳ ಹೆಸರೂ ಎಲ್ಲೂ ಬರೆದಿಲ್ಲ. ಹೆಸರು ಬರೆಯಿರಿ ಎಂದು ಕೇಳುವುದು ಏನಾದರೂ ಮುರಿದಾಗ ಮಾತ್ರ. ನನಗೆ ಅಳು ಬಂತು. ಪಕ್ಕದಲ್ಲಿ ಕೂತವಳು ಕಣ್ಣಿಗೆ ಧೂಳು ಬಿತ್ತೇನ್ರೀ ಎಂದು ಕೇಳಿದಳು.

ಮರುದಿನ ಮಕ್ಕಳು ಬರುವ ಮೊದಲು ಆಯಾಗೆ ಚೀಟಿ ಓದಿ ಹೇಳಿದೆ. ಸಮಾಧಾನ ಆಗಲಿ ಎಂದು ಓದಿದ್ದು. ಆಕೆ ಕಸಬರಿಗೆ ಕೆಳಗಿಟ್ಟಳು.

"ಅಂದ್ರ ಏನ್ರೀ? ಗಾಡಿ ಮೊದ್ಲ ಕೆಟ್ಟಿತ್ತು ಅಂತ?"

"ಹೂಂ ಅ‌ತ್ತೀ. ನಿಮ್ಮದೇನೂ ತಪ್ಪಿಲ್ಲ ಅಂತ."

"ತಪ್ಪು ಯಾಕಿಲ್ರೀ? ನನ್ನಿಂದನ ಮುರದೈತಿ. ಬಾಗಲ ತಗೀತತಿ ಅಂತ ನನಗ ಗೊತ್ತಿರಲಿಲ್ಲ, ಅದು ನನ್ನ ತಪ್ಪು. ಆದ್ರ ನನ್ನ ಬಟ್ಟಿ ಸರಿದಿಲ್ಲ. ಮೋಟಾರ್ ಹಾಕಿ ಎಳದ್ರೂ ಸರಿದಿಲ್ಲ! ಅದನ್ನ ಬರೀರಿ. ಸುಳ್ಳು ಚೀಟಿ ಬ್ಯಾಡ ನನಗ."

"ಅತ್ತೀ, ಹೆಸರು ಹಾಕಿದ್ರ ಕೆಲಸ ಹೋಗ್ತತಿ."

"ಹೋದ್ರ ಹೋಗ್ಲಿ ಬಿಡ್ರಿ" ಎಂದಳು. ಆದರೆ ಹಾಗೆನ್ನುವಾಗ ಆಕೆ ನನ್ನ ಕಡೆ ನೋಡಲಿಲ್ಲ, ಒಲೆಯ ಕಡೆ ನೋಡಿದಳು. ಬೆಳಗಾದರೆ ಆಕೆಗೆ ಹೋಗಲು ಇನ್ನೊಂದು ಜಾಗವಿಲ್ಲ ಎಂದು ನನಗೂ ಗೊತ್ತು, ಆಕೆಗೂ ಗೊತ್ತು.

ಮಾತು ಬೆಳೆಸದೆ ಚೀಲದಿಂದ ವ್ಯಾಗನ್ನು ತೆಗೆದು ಕೊಟ್ಟೆ. ಇಕ್ಕಳಕ್ಕೂ ಬಗ್ಗದ ಬಟ್ಟೆಯನ್ನು ಆಕೆ ಉಗುರಿನಿಂದ ಒಂದು ಮೂಲೆ ಹಿಡಿದು, ಸ್ವಲ್ಪ ತಿರುಚಿ, ಸರ್ರನೆ ಎಳೆದು ತೆಗೆದಳು. ಅಷ್ಟರಲ್ಲಿ ಮಕ್ಕಳು ಬಂದು ಮುತ್ತಿಕೊಂಡರು. ನಾಲ್ಕೂ ವ್ಯಾಗನ್ನಿನ ಬಟ್ಟೆ ಬಿಚ್ಚಿದ ಮೇಲೆ ಪುಟ್ಟಿ ಹರಳು ತುಂಬಿ, ಸತ್ತ ಎಂಜಿನ್ನನ್ನು ಕೈಯಿಂದಲೇ ತಳ್ಳಿಕೊಂಡು ಹೊರಟಳು. ಬಾಯಲ್ಲಿ ಸದ್ದು ಮಾಡಿದಳು; ಮೋಟಾರಿನ ಸದ್ದಿಗಿಂತ ಅದೇ ಚೆನ್ನಾಗಿತ್ತು. ಗೂಟ ಬಂತು, ಬಾಗಿಲು ತೆರೆಯಿತು, ಹರಳು ತಟ್ಟೆಗೆ ಸುರಿಯಿತು.

ಆಯಾ ಮಂಡಿಯೂರಿ ಕೂತು ನೋಡಿದಳು. "ಹಿಂಗ ಖಾಲಿ ಆಗ್ತಾವೇನು" ಎಂದಳು. ಎರಡನೇ ವ್ಯಾಗನ್ನು ತೆರೆಯಿತು. "ಇಷ್ಟ ಏನು? ಇಷ್ಟ ಜಲ್ದಿ?" ಆಕೆಯ ದನಿಯಲ್ಲಿ ಸ್ವಲ್ಪ ಸಿಟ್ಟಿತ್ತು. ಮೂರನೆಯದಕ್ಕೆ ನಕ್ಕುಬಿಟ್ಟಳು. ನಾಲ್ಕನೆಯದನ್ನು ತಾನೇ ತಳ್ಳಿದಳು.

ನಾನು ಚೀಟಿಯನ್ನು ಒಲೆಗೆ ಹಾಕಿದೆ. ಅವತ್ತೇ ಮಧ್ಯಾಹ್ನ ಬಿಳಿ ಹಾಳೆ ತೆಗೆದುಕೊಂಡು ಬರೆದೆ. ಬಹಳ ಹೊತ್ತು ಬೇಕಾಗಲಿಲ್ಲ. ಮರುದಿನ ಬಸ್ಸು ಹತ್ತಿ ಸಂಡೂರಿಗೆ ಹೋಗಿ ಮೇಡಂ ಕೈಗೇ ಕೊಟ್ಟೆ. ಅವರು ಓದಿ ಕನ್ನಡಕ ತೆಗೆದರು.

"ಏನ್ರೀ ಇದು? 'ಆಟದ ಸಾಮಾನು ಆಟದಲ್ಲಿ ಮುರಿದಿದೆ. ಆಡಲು ಕೊಟ್ಟವಳು ನಾನು.' ಇಷ್ಟನ?"

"ಇಷ್ಟ್ರೀ ಮೇಡಂ."

"ಬಟ್ಟಿ ತುರುಕಿದಾಕಿ ಹೆಸರು?"

"ಬೀರು ತಗದಾಕಿ ಹೆಸರು ಕೆಳಗೈತಲ್ರೀ. ಸಹಿನೂ ಐತಿ."

ಅವರು ಮೇಜಿನ ಮೇಲಿದ್ದ ಒಂದು ಕಟ್ಟನ್ನು ನನ್ನ ಮುಂದೆ ಸರಿಸಿದರು. ಉಳಿದ ಕೇಂದ್ರಗಳು ಬರೆದುಕೊಟ್ಟದ್ದು. ಸುಸ್ಥಿತಿಯಲ್ಲಿದೆ, ಸುಸ್ಥಿತಿಯಲ್ಲಿದೆ, ಸುಸ್ಥಿತಿಯಲ್ಲಿದೆ. "ನೋಡ್ರಿ. ಇಡೀ ತಾಲೂಕಿನಾಗ ಮುರಿದದ್ದು ನಿಮ್ಮದೊಂದ ರೈಲು."

ಆ ಮಾತು ಕಿವಿಗೆ ಬಿದ್ದಾಗ ನನಗೆ ನಾಚಿಕೆಯಾಗಬೇಕಿತ್ತಲ್ಲ, ಆಗಲಿಲ್ಲ. ಹೆಮ್ಮೆ ಆಯಿತು.

"ಹೌದ್ರೀ ಮೇಡಂ" ಎಂದೆ. "ಓಡಿದ್ದೂ ನಮ್ಮದೊಂದ."

ಮೇಡಂ ಕಾಗದವನ್ನು ಕಟ್ಟಿಗೆ ಸೇರಿಸಲು ಕೈ ಚಾಚಿದರು. ನಾನು, ಒಂದು ನಿಮಿಷ ಕೊಡ್ರಿ ಎಂದು ಅದನ್ನು ವಾಪಸು ತೆಗೆದುಕೊಂಡು, ಸಹಿಯ ಮೇಲೆ ಉಳಿದಿದ್ದ ಜಾಗದಲ್ಲಿ ಇನ್ನೊಂದು ಸಾಲು ಬರೆದು ಕೊಟ್ಟೆ. ಅವರು ಅದನ್ನೂ ಓದಿದರು. ನಗು ಬಂತೋ ಏನೋ, ತಲೆ ಬಗ್ಗಿಸಿ, ಒಂದು ಪ್ರತಿ ತೆಗೆಸಿ, ಎರಡಕ್ಕೂ ಸೀಲು ಒತ್ತಿ ನನ್ನದನ್ನು ನನಗೆ ಕೊಟ್ಟರು.

ಆ ಕಾಗದಕ್ಕೆ ಇವತ್ತಿಗೂ ಉತ್ತರ ಬಂದಿಲ್ಲ. ಬರಲಿ, ನಾನಿದ್ದೇನೆ. ಆಯಾ ಈಗಲೂ ನನಗಿಂತ ಮೊದಲು ಬಂದು ಬಾಗಿಲು ತೆಗೆಯುತ್ತಾಳೆ. ಬೀರುವಿನಲ್ಲಿ ಮಕ್ಕಳ ತಟ್ಟೆ, ಲೋಟ ಜೋಡಿಸಿದ್ದೇವೆ, ಕೀಲಿ ಎಲ್ಲಿದೆ ಎಂದು ನನಗೆ ನೆನಪಿಲ್ಲ. ಗೊಂಬೆಗೆ ಒಂದು ಕೈ ಹೋಗಿದೆ. ರೈಲನ್ನು ಮಕ್ಕಳು ಸರದಿಯ ಮೇಲೆ ತಳ್ಳುತ್ತಾರೆ.

ಸಂಡೂರಿನಿಂದ ಬಂದ ದಿನ ಆಯಾ ಒಲೆ ಆರಿಸಿ ನನ್ನ ಹತ್ತಿರ ಬಂದು ಕೂತಳು. ಆಕೆಗೆ ಓದಲು ಬರುವುದಿಲ್ಲ. "ಏನ್ ಬರದ್ರಿ, ಓದ್ರಿ" ಎಂದಳು. ನಾನು ಪ್ರತಿ ತೆಗೆದು ಮೊದಲಿನಿಂದ ಓದಿದೆ. ಆಟದ ಸಾಮಾನು ಆಟದಲ್ಲಿ ಮುರಿದಿದೆ ಎಂದದ್ದಕ್ಕೆ ಆಕೆ ಸುಮ್ಮನೆ ತಲೆಯಾಡಿಸಿದಳು. ಕೊನೆಯಲ್ಲಿ ಸೇರಿಸಿದ ಸಾಲು ಓದಿದೆ: "ವ್ಯಾಗನ್ನಿನ ಬಾಗಿಲಿಗೆ ತುಂಬಿದ ಬಟ್ಟೆ ಭದ್ರವಾಗಿತ್ತು. ಒಂದು ಹರಳೂ ಸೋರಿಲ್ಲ."

ಆಯಾ ಕಾಗದದ ಹತ್ತಿರ ಬಗ್ಗಿದಳು.

"ಸೀಲು ಒತ್ಯಾರೇನ್ರೀ ಇದಕ್ಕ?"

"ಒತ್ಯಾರ" ಎಂದು ನೀಲಿ ಗುರುತು ತೋರಿಸಿದೆ. ಆಕೆ ಅದರ ಮೇಲೆ ಬೆರಳಾಡಿಸಿ, ಕಾಗದ ನನ್ನ ಕೈಗೇ ಕೊಟ್ಟು ಹೇಳಿದಳು:

"ಇನ್ನೊಮ್ಮೆ ಓದ್ರಿ."